ಸೆನೆಟರ್ ಪಾಲ್ಮಾರೆಸರ ಒಂದೇ ಪ್ರಶ್ನೆ

ಮನಿಲಾದ ನಮ್ಮ ನೇಮಕಾತಿ ಸಮಿತಿಯ ಮುಂದೆ ಯಾರು ರಾಯಭಾರಿಯಾಗಲು ಬಂದರೂ ಸೆನೆಟರ್ ಪಾಲ್ಮಾರೆಸರ ಪ್ರಶ್ನೆ ಒಂದೇ. ಉಳಿದವರು ಗಡಿ, ಒಪ್ಪಂದ ಎಂದು ಕೆದಕುವಷ್ಟು ಹೊತ್ತೂ ಇವರು ತೂಕಡಿಸಿ, ತಮ್ಮ ಸರದಿಗೆ ನೆಟ್ಟಗೆ ಕೂತು, "ಅದೆಲ್ಲ ಇರ್ಲಿ, ಸಿನಿಗಾಂಗ್ ಹುಳಿಸಾರು ಮಾಡೋಕೆ ಬರುತ್ತಾ?" ಎನ್ನುತ್ತಾರೆ. ಬಾರದು ಎಂದವರನ್ನು "ಕಲ್ತು ಬನ್ನಿ" ಎಂದು ಮುಂದಿನ ವಾರಕ್ಕೆ ದಬ್ಬುತ್ತಾರೆ. ಸಭೆ ಗೊಳ್ಳೆಂದು ನಗುತ್ತದೆ. ಮೊನ್ನೆ ಕೊಲ್ಲಿಯ ಒಂದು ದೇಶಕ್ಕೆ ರಾಯಭಾರಿಯಾಗಿ ಹೊರಟಿದ್ದ ಲಿಗಾಯಾ ಅಬೆಲ್ಯಾರ್, "ಬರುತ್ತೆ ಸರ್, ಆದ್ರೆ ಅದ್ಯಾಕೆ?" ಎಂದು ತಿರುಗಿ ಕೇಳಿಬಿಟ್ಟರು. ಮುದಿ ಸೆನೆಟರ್ ಮೊದಲ ಸಲ ತಡವರಿಸಿದರು. "ನಮ್ಮಮ್ಮ ಅಲ್ಲಿ ಮನೆಗೆಲಸಕ್ಕಿದ್ಲು ಕಣಮ್ಮ. ಏಟು ತಾಳಲಾರ್ದೆ ನಮ್ಮ ರಾಯಭಾರಿಗಳ ಮನೆಗೆ ಓಡಿಬಂದಾಗ, ರಾಯಭಾರಿಯಾಗಿದ್ದ ಆ ತಾಯಿ ಏನೂ ಕೇಳ್ದೆ ಕೈಯಾರೆ ಈ ಸಾರು ಮಾಡಿ ಬಡಿಸಿದ್ರಂತೆ." ಲಿಗಾಯಾ ಮೆಲ್ಲಗೆ, "ನಾನೂ ಮೊದ್ಲು ಬಡಿಸ್ತೀನಿ ಸರ್, ಆಮೇಲೆ ಹೆಸ್ರು ಕೇಳ್ತೀನಿ" ಎಂದರು. ಅವರ ನೇಮಕವನ್ನು ಮತಕ್ಕೆ ಹಾಕಿದಾಗ ವಿರೋಧ ಪಕ್ಷದವರ "ಹೌದು" ಎಲ್ಲರಿಗಿಂತ ಜೋರಾಗಿತ್ತು.