ಹನ್ನೆರಡು ನಿಮಿಷ ದೊಡ್ಡವಳು

ನನ್ನ ಹೆಂಡತಿ ಥೋರಾ ಆರ್ಕ್ನಿ ದ್ವೀಪಗಳಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದವಳು. ಸೈಕಲ್ ಹತ್ತಿ, ದೋಣಿ ಹತ್ತಿ, ಒಮ್ಮೆ ಮೇವಿನ ಟ್ರ್ಯಾಕ್ಟರ್ ಹತ್ತಿ ಕೂಡ ಹೋಗಿ ಹೆರಿಗೆ ಮಾಡಿಸಿದ್ದಾಳೆ. ನಿವೃತ್ತಿಯಾದ ಮೇಲಾದರೂ ಮನೆಯಲ್ಲಿ ಇರುತ್ತಾಳೆ ಎಂದುಕೊಂಡಿದ್ದೆ. ಅಷ್ಟರಲ್ಲಿ ರಾಜನ ಉಪಪ್ರತಿನಿಧಿ ಆಗುವಿರಾ ಎಂದು ಕೇಳಿ ಪತ್ರ ಬಂತು.

"ವಿಳಾಸ ತಪ್ಪಿರ್ಬೇಕು ಕಣೋ ಡೇವಿ," ಎಂದಳು. ಮೂರು ದಿನ ಪತ್ರವನ್ನು ಬ್ರೆಡ್ ಡಬ್ಬದ ಹಿಂದೆ ಬಚ್ಚಿಟ್ಟು, ನಾಲ್ಕನೆಯ ದಿನ ಒಪ್ಪಿಕೊಂಡಳು.

ಅಂದಿನಿಂದ ನಾನು ಸಾರಥಿ. ಎದೆಗೆ ಚುಚ್ಚುವ ಬಿಲ್ಲೆಯ ರಿಬ್ಬನ್ನಿಗೆ ಇಸ್ತ್ರಿ ಹಾಕುವವನೂ ನಾನೇ. ರಾಜ ಬರಲಾಗದ ಕಡೆ ಅವನ ಬದಲು ನಿಲ್ಲುವುದು ಅವಳ ಕೆಲಸ. ನಮ್ಮ ಕಡೆ ಅವನು ಬರುವುದೇ ಅಪರೂಪ, ಹಾಗಾಗಿ ನಿಲ್ಲುವುದಕ್ಕೆ ಬರವಿಲ್ಲ. ಯುದ್ಧಸ್ಮಾರಕಕ್ಕೆ ಹೂಚಕ್ರ ಇಡಬೇಕು, ಪದಕ ಕೊಡಬೇಕು, ನೂರು ತುಂಬಿದವರಿಗೆ ರಾಜನ ಶುಭಾಶಯ ತಲುಪಿಸಬೇಕು. ಇವಳ ಎಡ ಮಂಡಿಯೋ ಸವೆದುಹೋಗಿದೆ. ನವೆಂಬರಿನಲ್ಲಿ ಸ್ಮಾರಕದ ಮುಂದೆ ಎರಡು ನಿಮಿಷ ನಿಂತರೆ ಸಂಜೆಯವರೆಗೂ ನರಳುತ್ತಾಳೆ. ಕೋಲು ಹಿಡಿಯೇ ಎಂದರೆ ಒಂದೇ ಉತ್ತರ: "ನಿಂತಿರೋದು ನಾನಲ್ಲ ಕಣೋ, ರಾಜ. ಅವನಿಗೆಲ್ಲಿಂದ ಬರ್ಬೇಕು ನನ್ನ ಮಂಡಿನೋವು?"

ಕಳೆದ ಮಾರ್ಚಿನಲ್ಲಿ ಸ್ಯಾಂಡೇ ದ್ವೀಪದ ಅವಳಿ ಅಕ್ಕತಂಗಿಯರಾದ ಮಿನಾ ಮತ್ತು ಇಸಾ ಡ್ರೀವರ್‌ಗೆ ನೂರು ತುಂಬುವುದಿತ್ತು. ಇಬ್ಬರೂ ಮದುವೆಯಾದವರಲ್ಲ, ಹುಟ್ಟಿದ ಮನೆ ಬಿಟ್ಟವರೂ ಅಲ್ಲ. ರಾಜನ ಎರಡು ಲಕೋಟೆ ನಮ್ಮ ಮನೆಗೆ ಬಂದವು. ಹುಟ್ಟುಹಬ್ಬಕ್ಕೆ ಹತ್ತೊಂಬತ್ತು ದಿನವಿದ್ದಾಗ ಮಿನಾ ತೀರಿಕೊಂಡಳು. ತೀರಿಕೊಂಡವರ ಪತ್ರ ಕೊಡುವಂತಿಲ್ಲ. ಥೋರಾ ಅದನ್ನು ವಾಪಸ್ ಕಳಿಸಿದಳು. ಕಳಿಸಿದ ದಿನ ಊಟ ಸರಿಯಾಗಿ ಮಾಡಲಿಲ್ಲ.

"ಇಸಾ ಅಜ್ಜಿ ಒಬ್ಬಳೇ ತಗೊಳಲ್ಲ, ನೋಡ್ತಿರು," ಎಂದಳು, ಹುಟ್ಟುಹಬ್ಬದ ದಿನ ಸ್ಯಾಂಡೇಗೆ ಹೋಗುವ ಹಡಗಿನಲ್ಲಿ.

ನಾವು ತಲುಪುವ ಹೊತ್ತಿಗೆ ಮನೆ ತುಂಬ ನೆರೆಹೊರೆಯವರು. ಮೇಜಿನ ಮೇಲೆ ಬಾರ್ಲಿ ರೊಟ್ಟಿ, ಚೀಸು, ತಿಂಗಳಾದರೂ ಕೆಡದ ದೊಡ್ಡ ಹಣ್ಣಿನ ಕೇಕು. ಕೇಕಿನ ಮೇಲೆ ಮಿನಾ ಇದ್ದಾಗಲೇ ಎರಡು ಹೆಸರು ಬರೆಸಿದ್ದರಂತೆ. ಅವಳಿಗಳ ಅಣ್ಣನ ಮೊಮ್ಮಗಳು ಎಫಿ ಒಂದನ್ನು ಚಾಕುವಿನಿಂದ ಕೆರೆದು ತೆಗೆದಿದ್ದಳು, ಆ ಜಾಗ ಕಲೆಯಾಗಿ ಉಳಿದಿತ್ತು. ಕಿಟಕಿಯ ಬಳಿ ಎರಡು ಕುರ್ಚಿ. ಒಂದರಲ್ಲಿ ಇಸಾ, ಇನ್ನೊಂದರಲ್ಲಿ ಯಾರೂ ಕೂತಿರಲಿಲ್ಲ.

ಥೋರಾ ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ಅವಳು ಲಕೋಟೆ ಚಾಚಿದಳು. ಇಸಾ ಕೈ ನೀಡಲಿಲ್ಲ.

"ಮೊದ್ಲು ಅವಳಿಗೆ ಕೊಡು ನರ್ಸಮ್ಮ. ಹನ್ನೆರಡು ನಿಮಿಷ ದೊಡ್ಡವಳು ಅವಳು. ಸ್ನಾನದ ನೀರು, ಹೊಸ ಬೂಟು, ಎಲ್ಲಾ ಅವಳಿಗೇ ಮೊದ್ಲು. ಇವತ್ತು ನಾನು ಮುಂದೆ ನುಗ್ಗಲ್ಲ."

"ಅಜ್ಜೀ, ಮಿನಜ್ಜಿ ಈಗ..." ಎಂದಳು ಎಫಿ.

"ಸತ್ತಿದಾಳೆ, ಗೊತ್ತು ಕಣೇ! ಮಣ್ಣು ಹಾಕಿದ ಕೈ ಇದು. ನಂಗೇನು ಅರಳುಮರಳಾ? ಅವಳದ್ದು ಕೊಡದಿದ್ರೆ ನಂದೂ ಬೇಡ, ತಗೊಂಡ್ಹೋಗು."

ನನಗೆ ಇದ್ದಲ್ಲೇ ಇಂಗಿಹೋಗುವಂತಾಯಿತು. ನೂರು ವರ್ಷದ ಮುದುಕಿ ರಾಜನ ಪತ್ರ ತಿರಸ್ಕರಿಸಿದರೆ ಏನು ಮಾಡಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ.

"ಅವಳ ಪತ್ರ ನನ್ನ ಹತ್ರ ಇಲ್ಲ ಅಜ್ಜಿ, ವಾಪಸ್ ಕಳಿಸ್ಬಿಟ್ಟೆ," ಎಂದಳು ಥೋರಾ, ನೇರವಾಗಿ. "ಮಿನಾ ಹುಟ್ಟಿದ್ದು ಎಷ್ಟು ಹೊತ್ತಿಗೆ?"

"ಬೆಳಗ್ಗೆ ಹನ್ನೊಂದಕ್ಕೆ. ಗಡಿಯಾರ ಹೊಡೀತಿತ್ತಂತೆ."

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಗಂಟೆ ಹೊಡೆದಾಗ ಥೋರಾ ಖಾಲಿ ಕುರ್ಚಿಯ ಮುಂದೆ ಹೋಗಿ ಕಾಲು ಜೋಡಿಸಿ ನಿಂತಳು, ತಲೆ ಬಾಗಿಸಿದಳು. "ರಾಜನ ಪರವಾಗಿ, ಮಿನಾ ಡ್ರೀವರ್‌ಗೆ," ಎಂದಳು. ಆಮೇಲೂ ಅಲ್ಲಿಂದ ಕದಲಲಿಲ್ಲ. ಅವಳು ನಿಂತಿರುವಾಗ ಉಳಿದವರು ಕೂರುವುದುಂಟೆ? ಎಲ್ಲರೂ ನಿಂತೆವು.

ನಾಲ್ಕನೆಯ ನಿಮಿಷಕ್ಕೆ ಅವಳ ಮಂಡಿ ನಡುಗತೊಡಗಿತು. ನಾನು ಮೆಲ್ಲಗೆ ಒಂದು ಕುರ್ಚಿ ತಳ್ಳಿದೆ. "ರಾಜ ನಿಂತಿದಾನೆ ಕಣೋ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಎಂಟನೆಯ ನಿಮಿಷಕ್ಕೆ ಅವಳ ಬೆರಳುಗಳು ನನ್ನ ಕೋಟಿನ ತೋಳು ಹಿಡಿದವು. ಈ ಹೆಂಗಸನ್ನು ಕಟ್ಟಿಕೊಂಡಿದ್ದಕ್ಕೆ ನಾನು ಅಷ್ಟು ಹೆಮ್ಮೆಪಟ್ಟ ದಿನ ಇನ್ನೊಂದಿಲ್ಲ. ಚಹಾ ಆರಿಹೋಯಿತು. ಇಸಾ ಮಾತ್ರ ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ.

ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಥೋರಾ ಇಸಾಳ ಕಡೆ ತಿರುಗಿದಳು. "ರಾಜನ ಪರವಾಗಿ, ಇಸಾ ಡ್ರೀವರ್‌ಗೆ."

ಇಸಾ ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟಳು. ಆಮೇಲೆ ಅಕ್ಕನ ಕುರ್ಚಿ ತೋರಿಸಿ, "ಕೂತ್ಕೋ ನರ್ಸಮ್ಮ. ಕಾಲುನೋವು ಇದ್ದೋರನ್ನ ಅವಳು ನಿಲ್ಲಿಸಿದವಳಲ್ಲ," ಎಂದಳು.

ಥೋರಾ ಕೂತಳು. ಅವಳ ಕಣ್ಣೂ ನನ್ನ ಕಣ್ಣೂ ಒದ್ದೆಯಾಗಿದ್ದವು.

"ಹುಟ್ಟಿದ ದಿನಾನೂ ಇಷ್ಟೇ ಹೊತ್ತು ನನಗೋಸ್ಕರ ಒಬ್ಬಳೇ ಕಾದಿದ್ದಳು ಪಾಪ," ಎಂದಳು ಇಸಾ. "ಈಗ್ಲೂ ಕಾಯ್ತಿರ್ತಾಳೆ. ಕಾಯ್ಲಿ ಬಿಡು, ಕೇಕು ತಿಂದು ಹೋಗ್ತೀನಿ. ಎಫೀ, ಆ ಕೆರೆದಿದೀಯಲ್ಲ, ಆ ತುಂಡು ನಂಗೆ ಹಾಕು."