ಗುಂಯ್ ಎನ್ನದ ಡಬ್ಬಿ

ನನ್ನ ಗಿಟಾರಿಗೆ ಮೂರು ಪೆಡಲ್‌ಗಳಿವೆ. ಕಾಲಲ್ಲಿ ಒತ್ತಿದರೆ ಒಂದು ಸ್ವರವನ್ನು ಒರಟು ಮಾಡುತ್ತದೆ, ಒಂದು ತೇಲಿಸುತ್ತದೆ, ಇನ್ನೊಂದು ಪ್ರತಿಧ್ವನಿ ಕೊಡುತ್ತದೆ. ಮೂರಕ್ಕೂ ಒಂದೇ ಅಡಾಪ್ಟರಿನಿಂದ ಕವಲು ವಯರು ಎಳೆದಿದ್ದೆ. ಹಾಗಾಗಿ ನಾಲ್ಕನೆಯ ಸ್ವರವೊಂದು ಪುಕ್ಕಟೆ ಸಿಗುತ್ತಿತ್ತು: ಗುಂಯ್. ನುಡಿಸಿದರೂ ಅದೇ, ನಿಲ್ಲಿಸಿದರೂ ಅದೇ.

ಬಾಡ ಎಂಬ ಊರಿನ ನಮ್ಮ ಮನೆಯಲ್ಲಿ ಅಪ್ಪನಿಗೆ ಇದು ದೊಡ್ಡ ಮೋಜು. ಮೂವತ್ತು ವರ್ಷ ಮೀನಿನ ಬೋಟಿನ ಇಂಜಿನ್ ನೋಡಿಕೊಂಡವರು. "ನಿಂದು ಪದ್ಯ ಶುರುವಾಗೂಕೂ ಮೊದ್ಲೇ ಇಂಜಿನ್ ಶುರುವಾಗ್ತದಲ" ಎನ್ನುತ್ತಿದ್ದರು. ನಮ್ಮ ಆರ್ಕೆಸ್ಟ್ರಾ ಕೇಳಲು ಎರಡು ಸಲ ಬಂದಿದ್ದರು, ಎರಡು ಸಲವೂ ಮೊದಲ ಹಾಡಿಗೇ ಎದ್ದು ಹೋಗಿದ್ದರು. ನಾನೂ ನಗುತ್ತಿದ್ದೆ. ನಿಜ ಹೇಳಬೇಕೆಂದರೆ ಬೇಜಾರಾಗುತ್ತಿತ್ತು. ಅಪ್ಪ ಒಮ್ಮೆ ಕೊನೆಯವರೆಗೆ ಕೂತು ಕೇಳಲಿ ಎಂಬುದಷ್ಟೇ ನನ್ನ ಆಸೆ.

ಗುಂಯ್ ನಿಲ್ಲಿಸಲು ಬೇರೆ ಅಡಾಪ್ಟರು ಕೇಳಿದಾಗ ಭಟ್ಕಳದ ಅಂಗಡಿಯವರು ಟಿವಿಯ ಸೆಟ್‌ಟಾಪ್ ಡಬ್ಬಿಯದೊಂದನ್ನು ತೋರಿಸಿ, "ಒಂಬತ್ತು ವೋಲ್ಟೇ ಅಲ್ವಾ ಭಾಯ್, ನಡೀತದೆ" ಎಂದರು. ತಿರುಗಿಸಿ ನೋಡಿದೆ. ಅದರ ಪಿನ್ನಿನ ನಡುವೆ ಪ್ಲಸ್, ನನ್ನ ಪೆಡಲ್‌ಗಳಿಗೆ ನಡುವೆ ಮೈನಸ್ ಬೇಕು. ಚುಚ್ಚಿದ್ದರೆ ಗುಂಯ್ ಜೊತೆಗೆ ಪೆಡಲೂ ಹೋಗುತ್ತಿತ್ತು. ಕೊನೆಗೆ ಪ್ರತಿ ಪೆಡಲಿಗೂ ಬೇರೆಬೇರೆಯಾಗಿ ಕರೆಂಟು ಕೊಡುವ ಡಬ್ಬಿಯೊಂದನ್ನು ತರಿಸಿದೆ. ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ ಹಾಗೆ. ಪ್ರತಿಧ್ವನಿಯ ಪೆಡಲಿಗೆ ಕರೆಂಟು ಹೆಚ್ಚು ಬೇಕು, ಅದಕ್ಕೂ ಒಂದು ತೂತು ಇತ್ತು.

ಹೊನ್ನಾವರದಲ್ಲಿ ನೆಂಟರ ಮದುವೆಯ ಆರತಕ್ಷತೆ, ನಮ್ಮದೇ ಆರ್ಕೆಸ್ಟ್ರಾ. ಅಪ್ಪ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕವೇ ಕೂತಿದ್ದರು. ಹೊಸ ಡಬ್ಬಿಯ ಸ್ವಿಚ್ ಹಾಕಿದೆ. ಪೂರ್ತಿ ನಿಶ್ಶಬ್ದ. ಹಿಗ್ಗಿ ಅಪ್ಪನತ್ತ ನೋಡಿದರೆ, ಅವರು ಎದ್ದೇಬಿಟ್ಟಿದ್ದರು! ಇನ್ನೂ ಒಂದು ತಂತಿಯನ್ನೂ ಮುಟ್ಟಿರಲಿಲ್ಲ.

ಆದರೆ ಅವರು ಬಾಗಿಲ ಕಡೆ ಹೋಗಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಸೀದಾ ವೇದಿಕೆಗೆ ಬಂದು ನನ್ನ ಕಾಲ ಬುಡಕ್ಕೆ ಬಗ್ಗಿದರು.

"ಎಂತ ಆತು? ಬಂದ್ ಬಿತ್ತ?"

ಬೋಟಿನಲ್ಲಿ ಇಂಜಿನ್ ಸದ್ದು ನಿಂತರೆ ಎಂಥ ನಿದ್ದೆಯಲ್ಲಿದ್ದರೂ ಏಳಬೇಕು. ಆ ಅಭ್ಯಾಸ ಮದುವೆ ಮಂಟಪಕ್ಕೂ ಬಂದಿತ್ತು.

"ಇಲ್ಲ ಅಪ್ಪ, ಸರಿಯಾತು" ಎಂದೆ. ನಂಬಲಿಲ್ಲ. ಒಂದು ತಂತಿ ಮೀಟಿ ತೋರಿಸಿದೆ. "ಹ್ಞೂಂ" ಎಂದು ಹೋಗಿ, ಈ ಸಲ ಎದುರಿನ ಸಾಲಿನಲ್ಲೇ, ಗಂಡಿನ ಕಡೆಯವರ ಕುರ್ಚಿಯಲ್ಲಿ ಕೂತರು.

ಊಟದ ಎರಡು ಪಂಕ್ತಿ ಎದ್ದರೂ ಅಪ್ಪ ಏಳಲಿಲ್ಲ. ಕೊನೆಯ ಹಾಡಿನವರೆಗೂ ಕೂತಿದ್ದರು. ಕಣ್ಣು ಮಾತ್ರ ನನ್ನ ಮೇಲಿರಲಿಲ್ಲ. ನನ್ನ ಕಾಲ ಬುಡದ ಡಬ್ಬಿ ಯಾವಾಗ ಕೈಕೊಡುತ್ತದೋ ಎಂದು ಅದನ್ನೇ ನೋಡುತ್ತ ಕಾಯುತ್ತಿದ್ದರು.