ದೋನ್ಯಾ ಒತೀಲಿಯಾ ಮತ್ತು ಸಾವಿನ ಎಲೆ

ವೆರಾಕ್ರೂಸ್ ಮೀನುಪೇಟೆಯ ಮೂಲೆಯಲ್ಲಿ ಇಸ್ಪೀಟಿನಂಥ ಟ್ಯಾರೋ ಎಲೆ ಹಾಕಿ ಭವಿಷ್ಯ ಹೇಳುವ ದೋನ್ಯಾ ಒತೀಲಿಯಾ, ಅಸ್ಥಿಪಂಜರದ ಚಿತ್ರವಿರುವ ಸಾವಿನ ಎಲೆ ಬಿದ್ದು ಗಿರಾಕಿ ಬೆವರಿದರೆ ಹೊಟ್ಟೆ ಕುಣಿಸಿ ನಗುತ್ತಾಳೆ. “ಕೂತ್ಕೊಳೇ ತಾಯಿ, ಈ ಮೂಳೆಯಪ್ಪ ಯಾರನ್ನೂ ಕೊಲ್ಲಲ್ಲ, ಬರೀ ಕಸ ಗುಡಿಸ್ತಾನೆ. ನಿನ್ನ ಗಂಡನ ಕುಡಿತ ಸಾಯುತ್ತೆ ನೋಡು!” ಅವಳ ಬಾಯಲ್ಲಿ ಆ ಎಲೆ ಎಷ್ಟೋ ಗಂಡಂದಿರ ಕುಡಿತವನ್ನು, ಅತ್ತೆಯರ ಸಿಟ್ಟನ್ನು, ಒಮ್ಮೆ ಪಾದ್ರಿಯ ಹಲ್ಲುನೋವನ್ನೂ ಕೊಂದಿದೆ, ಮನುಷ್ಯರನ್ನು ಮಾತ್ರ ಮುಟ್ಟಿಲ್ಲ. ಹೋದ ಚಳಿಗಾಲ, ಬಲೆ ನೇಯುವ, ವೈದ್ಯರು ಕೈಬಿಟ್ಟಿದ್ದ ಫೆರ್ಮಿನ್‌ಗೂ ಅದೇ ಎಲೆ ಬಿತ್ತು. “ನನಗೆ ಕಥೆ ಕಟ್ಟಬೇಡಕ್ಕಾ,” ಎಂದ. ಒತೀಲಿಯಾ ನಗಲಿಲ್ಲ. ಅವನ ಕೈ ಹಿಡಿದುಕೊಂಡು, “ಮುನಿಸ್ಕೊಂಡು ಹೋದ ನಿನ್ನ ಮಗಳು ಇಲ್ಲೇ ಹಲಾಪ ಊರಲ್ಲೇ ಇದಾಳಲ್ಲ, ಮಧ್ಯಾಹ್ನದ ಬಸ್ಸಿಗೇ ಹೊರಡಪ್ಪಾ,” ಎಂದಳು. ಅವನು ಹೊರಟ. ಮಗಳು ಬಾಗಿಲು ತೆರೆದಳಂತೆ. ಅವಳ ಕೈಯೂಟ ಉಂಡೇ ಫೆರ್ಮಿನ್ ಕಣ್ಣು ಮುಚ್ಚಿದ.